ಪಾಸು ಮೊದಲೋ, ಪಯಣ ಮೊದಲೋ?

ವಿದೇಶಕ್ಕೆ ಓದಲು ಹೋಗುವುದೆಂದರೆ ಒಂದು ಕಾಲಕ್ಕೆ ಬೆಂಗಳೂರು, ಮೈಸೂರುಗಳ ಮಾತು. ಈಗ ಹಾಗಲ್ಲ. ಹೊಸಪೇಟೆ, ಸಂಡೂರು, ಕಂಪ್ಲಿ, ಕಮಲಾಪುರಗಳ ಮನೆಗಳಿಂದಲೂ ಮಕ್ಕಳು ಜರ್ಮನಿಗೋ ಇಂಗ್ಲೆಂಡಿಗೋ ಉನ್ನತ ವ್ಯಾಸಂಗಕ್ಕೆಂದು ಹೊರಡುತ್ತಿದ್ದಾರೆ. ಕಾಲೇಜಿನ ಶುಲ್ಕ, ಬ್ಯಾಂಕಿನ ಸಾಲ, ವೀಸಾ, ವಿಮಾನದ ಟಿಕೆಟ್ಟು ಇವುಗಳ ಬಗ್ಗೆ ತಿಂಗಳುಗಟ್ಟಲೆ ವಿಚಾರಿಸುವ ತಂದೆತಾಯಂದಿರು, ಮಗನೋ ಮಗಳೋ ಅಲ್ಲಿ ಇಳಿದ ಮೊದಲ ವಾರದಲ್ಲೇ ಎದುರಾಗುವ ಒಂದು ಪ್ರಶ್ನೆಯ ಕಡೆ ಮಾತ್ರ ಗಮನ ಕೊಟ್ಟಿರುವುದಿಲ್ಲ. ಅದು ರೈಲಿನ ಪ್ರಶ್ನೆ. ಹೋದಾಗಲೆಲ್ಲ ಟಿಕೆಟ್ ಕೊಳ್ಳುವುದೋ, ಒಮ್ಮೆಗೇ ಪಾಸು ಮಾಡಿಸಿಬಿಡುವುದೋ?

ಮೇಲ್ನೋಟಕ್ಕೆ ಇದು ಚಿಲ್ಲರೆ ವಿಷಯ. ಆದರೆ ಈ ಚಿಲ್ಲರೆ ಎಷ್ಟಾದೀತು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನಮ್ಮಲ್ಲಿ ಓದಿದ ಕಂಪ್ಲಿ ಕಡೆಯ ಹುಡುಗನೊಬ್ಬ 2025ರಲ್ಲಿ ಎಂ.ಎಸ್. ಓದಲು ಜರ್ಮನಿಗೆ ಹೋದ. ತಂದೆ ಭತ್ತ ಬೆಳೆಯುವವರು. ‘ಮೊದಲು ಪಾಸು ಮಾಡಿಸಿಕೊಳ್ಳಪ್ಪ, ದಿನಾ ಟಿಕೆಟ್ ತೆಗೆಸಿದರೆ ಪೂರೈಸೋದಿಲ್ಲ’ ಎಂದು ಅವರು ಫೋನಿನಲ್ಲಿ ಹೇಳಿದರು. ಹುಡುಗ ಅದರಂತೆಯೇ ತಿಂಗಳಿಗೆ 58 ಯೂರೋ ಬೆಲೆಯ ಪಾಸು ಕೊಂಡ. ಮೂರು ತಿಂಗಳಾದ ಮೇಲೆ ಸಹಪಾಠಿಗಳಿಂದ ತಿಳಿಯಿತು: ವಿಶ್ವವಿದ್ಯಾಲಯಕ್ಕೆ ಕಟ್ಟಿದ್ದ ಸೆಮಿಸ್ಟರ್ ವಂತಿಗೆಯಲ್ಲೇ ಅದೇ ಪ್ರಯಾಣದ ಟಿಕೆಟ್ಟೂ ಸೇರಿತ್ತು! ಮೂರು ತಿಂಗಳಿಗೆ 174 ಯೂರೋ ವ್ಯರ್ಥ. ಯೂರೋ ಒಂದಕ್ಕೆ ನೂರು ರೂಪಾಯಿ ಎಂದು ಸುಲಭಕ್ಕೆ ಹಿಡಿದರೂ 17,400 ರೂಪಾಯಿ. 2025–26ರ ಹಂಗಾಮಿಗೆ ಸಾಮಾನ್ಯ ಭತ್ತಕ್ಕೆ ಸರ್ಕಾರ ಗೊತ್ತುಪಡಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 2,369 ರೂಪಾಯಿ. ಆ ಲೆಕ್ಕದಲ್ಲಿ ಏಳು ಕ್ವಿಂಟಾಲಿಗೂ ಮಿಕ್ಕಿದ ಭತ್ತ ಒಂದು ಬೇಡವಾದ ಪಾಸಿಗೆ ಹೋಯಿತು.

ತಂದೆಯ ಮಾತು ಅವಿವೇಕದ್ದೇನೂ ಅಲ್ಲ. ನಮ್ಮೂರಿನ ಮಟ್ಟಿಗೆ ಅದು ನೂರಕ್ಕೆ ನೂರು ಸರಿಯಾದ ಮಾತು. ಊರು ಬದಲಾದಾಗ ಅದೇ ಮಾತು ಏಕೆ ಸುಳ್ಳಾಗುತ್ತದೆ ಎಂಬುದನ್ನು ತಿಳಿದರೆ ಉಳಿದದ್ದೆಲ್ಲ ಸುಲಭ.

ಹೊಸಪೇಟೆಯಲ್ಲಿ ಪಾಸು ಗೆಲ್ಲುವುದೇಕೆ?

ಹೊಸಪೇಟೆಯಿಂದ ಬಳ್ಳಾರಿಗೆ ರೈಲಿನಲ್ಲಿ ಸುಮಾರು 65 ಕಿ.ಮೀ. ಕಾಲೇಜಿಗೆ ಹೀಗೆ ಓಡಾಡುವ ವಿದ್ಯಾರ್ಥಿಗಳು ಮಾಡಿಸುವ ‘ಮಂತ್ಲಿ ಪಾಸು’ ಅಂದರೆ ಮಾಸಿಕ ಸೀಸನ್ ಟಿಕೆಟ್. ಇದು 150 ಕಿ.ಮೀ.ವರೆಗಿನ ದೂರಕ್ಕೆ ಸಿಗುತ್ತದೆ. ಎರಡನೇ ದರ್ಜೆಯ ಪಾಸಿನ ಬೆಲೆ ಹೆಚ್ಚುಕಡಿಮೆ 15 ಬಿಡಿ ಪ್ರಯಾಣಗಳ ದರಕ್ಕೆ ಸಮ. ತಿಂಗಳಿಗೆ 24 ದಿನ ಕಾಲೇಜು ಎಂದರೆ ಹೋಗಿಬರುವುದು ಸೇರಿ 48 ಪ್ರಯಾಣ. ಹದಿನೈದಕ್ಕೆ ಹಣ ಕೊಟ್ಟು ನಲವತ್ತೆಂಟು ಸಲ ಹೋಗಬಹುದು! ಎಂಟನೇ ದಿನಕ್ಕೇ ಅಸಲು ಬಂದು, ಆಮೇಲಿನದೆಲ್ಲ ಲಾಭ. ಮೂರು ತಿಂಗಳ ಪಾಸು ಮಾಡಿಸಿದರೆ ಕೊಡಬೇಕಾದದ್ದು 2.7 ತಿಂಗಳ ಹಣ ಮಾತ್ರ. ವಿದ್ಯಾರ್ಥಿಗಳಿಗೆ ಇದರಲ್ಲೂ ಅರ್ಧ ರಿಯಾಯಿತಿ ಉಂಟು. ಪದವಿಯವರೆಗೆ ಓದುವ ಹೆಣ್ಣುಮಕ್ಕಳಿಗೂ ಹನ್ನೆರಡನೇ ತರಗತಿಯವರೆಗಿನ ಗಂಡುಮಕ್ಕಳಿಗೂ ಮನೆಯಿಂದ ಶಾಲೆ–ಕಾಲೇಜಿಗೆ ಎರಡನೇ ದರ್ಜೆಯ ಮಾಸಿಕ ಪಾಸು ಉಚಿತ ಎಂಬುದು ಇನ್ನೂ ಎಷ್ಟೋ ಪೋಷಕರಿಗೆ ತಿಳಿದಿಲ್ಲ.

2014ರ ಜೂನ್‌ನಲ್ಲಿ ರೈಲ್ವೆ ಇಲಾಖೆ ಮಾಸಿಕ ಪಾಸಿನ ಬೆಲೆಯನ್ನು 15ರ ಬದಲು 30 ಪ್ರಯಾಣಗಳ ಲೆಕ್ಕದಲ್ಲಿ ವಸೂಲು ಮಾಡಲು ಹೊರಟಿತ್ತು. ಜನರ ವಿರೋಧ ಕಂಡು ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಒಂದು ವೇಳೆ ಅದು ಜಾರಿಯಾಗಿದ್ದರೆ? ದಿನವೂ ಹೋಗುವ ವಿದ್ಯಾರ್ಥಿಗೆ 48 ಪ್ರಯಾಣವಾದ್ದರಿಂದ ಪಾಸೇ ಲಾಭವಾಗಿರುತ್ತಿತ್ತು. ವಾರಕ್ಕೆ ಮೂರೇ ದಿನ ಹೋಗುವವರಿಗೆ ತಿಂಗಳಿಗೆ ಆಗುವುದು 26 ಪ್ರಯಾಣ. ಅವರಿಗೆ ಪಾಸು ನಷ್ಟ. ಒಂದೇ ಪಾಸು, ಒಂದೇ ಬೆಲೆ. ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ. ಆದ್ದರಿಂದ ‘ಪಾಸು ಅಗ್ಗವೇ?’ ಎಂಬ ಪ್ರಶ್ನೆಗೆ ಉತ್ತರವಿಲ್ಲ. ‘ಯಾರಿಗೆ ಅಗ್ಗ?’ ಎಂದು ಕೇಳಿದರೆ ಮಾತ್ರ ಉತ್ತರ ಉಂಟು.

ನಮ್ಮ ವಿದ್ಯಾರ್ಥಿಯ ಪಾಸು ಗೆಲ್ಲುವುದಕ್ಕೆ ಮೂರು ಕಾರಣಗಳಿವೆ. ಒಂದು, ದಿನವೂ ಅದೇ ದಾರಿ. ಎರಡು, ತಿಂಗಳಿಗೆ ಎಷ್ಟು ಸಲ ಹೋಗುತ್ತೇವೆಂಬುದು ಮೊದಲೇ ಗೊತ್ತು. ಮೂರು, ಬಿಡಿ ಟಿಕೆಟ್ಟಿನ ಬೆಲೆ ಸ್ಥಿರ. ಇವತ್ತು ಕೊಂಡರೂ ಅಷ್ಟೇ, ನಾಳೆ ಕೊಂಡರೂ ಅಷ್ಟೇ. ವಿಮಾನ ಹತ್ತಿ ಇನ್ನೊಂದು ದೇಶದಲ್ಲಿ ಇಳಿದಾಗ ಈ ಮೂರೂ ಆಧಾರಗಳು ಅಲುಗಾಡುತ್ತವೆ.

ಹತ್ತನೇ ತರಗತಿಯ ಲೆಕ್ಕ

ಎಸ್ಸೆಸ್ಸೆಲ್ಸಿ ಮಕ್ಕಳು ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳನ್ನು ನಕ್ಷೆಯಲ್ಲಿ ಬಿಡಿಸುತ್ತಾರೆ. ‘ಸಾರ್, ಇದು ಬದುಕಿನಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತದೆ?’ ಎಂದು ಪ್ರತಿ ವರ್ಷ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಇಲ್ಲಿ ಬರುತ್ತದೆ.

ಅಡ್ಡ ಅಕ್ಷದಲ್ಲಿ ಪ್ರಯಾಣಗಳ ಸಂಖ್ಯೆ, ಲಂಬ ಅಕ್ಷದಲ್ಲಿ ಒಟ್ಟು ಖರ್ಚು ಗುರುತಿಸಿ. ಬಿಡಿ ಟಿಕೆಟ್ಟಿನ ರೇಖೆ ಸೊನ್ನೆಯಿಂದ ಹೊರಟು ಮೇಲೇರುತ್ತಾ ಹೋಗುತ್ತದೆ. ಪಾಸಿನ ರೇಖೆ ಪಾಸಿನ ಬೆಲೆಯಲ್ಲಿ ಶುರುವಾಗಿ ಮಟ್ಟಸವಾಗಿ ಸಾಗುತ್ತದೆ. ಇವೆರಡೂ ಒಂದು ಕಡೆ ಪರಸ್ಪರ ಕತ್ತರಿಸುತ್ತವೆ. ಅದನ್ನು ಸಮಬಿಂದು ಎನ್ನೋಣ. ಪಾಸಿನ ಬೆಲೆಯನ್ನು ಒಂದು ಪ್ರಯಾಣದ ದರದಿಂದ ಭಾಗಿಸಿದರೆ ಈ ಬಿಂದು ಸಿಗುತ್ತದೆ. ನಿಮ್ಮ ಪ್ರಯಾಣಗಳ ಸಂಖ್ಯೆ ಅದರ ಎಡಕ್ಕಿದ್ದರೆ ಟಿಕೆಟ್, ಬಲಕ್ಕಿದ್ದರೆ ಪಾಸು.

ಪೂರ್ತಿ ಪ್ರಯಾಣ ಕೊಡದೆ, ಹಣ ಕೊಟ್ಟು ಕೊಂಡವರಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಮಾತ್ರ ಕೊಡುವ ಕಾರ್ಡುಗಳೂ ಇವೆ. ಅವುಗಳ ರೇಖೆ ಕಾರ್ಡಿನ ಬೆಲೆಯಲ್ಲಿ ಶುರುವಾಗಿ ನಿಧಾನವಾಗಿ ಏರುತ್ತದೆ. ಲೆಕ್ಕ ಇದಕ್ಕೂ ಸುಲಭ. ಕಾರ್ಡಿನ ಬೆಲೆಯನ್ನು ರಿಯಾಯಿತಿಯ ಭಾಗದಿಂದ ಭಾಗಿಸಿ. ಅರ್ಧ ರಿಯಾಯಿತಿಯಾದರೆ ಕಾರ್ಡಿನ ಬೆಲೆಯ ಎರಡರಷ್ಟು, ಮೂರನೇ ಒಂದು ರಿಯಾಯಿತಿಯಾದರೆ ಮೂರರಷ್ಟು ಟಿಕೆಟ್ ಕೊಳ್ಳುವವರಿಗೆ ಅಸಲು ಬರುತ್ತದೆ. ಅದಕ್ಕೂ ಮೀರಿದ್ದು ಲಾಭ.

ಜಪಾನಿನ ಪಾಠ

ಸಮಬಿಂದು ಸ್ಥಿರವಲ್ಲ, ಜಾರುತ್ತದೆ. ಇದಕ್ಕೆ ಜಪಾನಿನಷ್ಟು ಒಳ್ಳೆಯ ಉದಾಹರಣೆ ಬೇರೆ ಇಲ್ಲ. ಅಲ್ಲಿಗೆ ಪ್ರವಾಸ ಬರುವ ವಿದೇಶಿಯರಿಗೆ ಜಪಾನ್ ರೈಲ್ ಪಾಸ್ ಎಂಬುದಿದೆ. ಏಳು ದಿನಗಳ ಸಾಧಾರಣ ದರ್ಜೆಯ ಪಾಸಿಗೆ 29,650 ಯೆನ್ ಇತ್ತು. ಟೋಕಿಯೊದಿಂದ ಕ್ಯೋಟೊಗೆ ಬುಲೆಟ್ ರೈಲಿನ ಬಿಡಿ ಟಿಕೆಟ್ ಸುಮಾರು 14,000 ಯೆನ್. ಹೋಗಿಬಂದರೆ 28,000. ಮಧ್ಯೆ ಇನ್ನೊಂದು ಸಣ್ಣ ಊರು ನೋಡಿದರೂ ಪಾಸಿನ ಹಣ ಹುಟ್ಟುತ್ತಿತ್ತು. ‘ಜಪಾನಿಗೆ ಹೋದರೆ ಕಣ್ಣು ಮುಚ್ಚಿಕೊಂಡು ಪಾಸು ಕೊಳ್ಳಿ’ ಎಂಬ ಮಾತು ಪ್ರವಾಸಿಗರ ನಡುವೆ ರೂಢಿಯಾಗಿದ್ದು ಹೀಗೆ.

2023ರ ಅಕ್ಟೋಬರ್ 1ರಿಂದ ಅದೇ ಪಾಸಿನ ಬೆಲೆ 50,000 ಯೆನ್ ಆಯಿತು. ಬಿಡಿ ಟಿಕೆಟ್ಟಿನ ಬೆಲೆ ಮಾತ್ರ ಆ ಪ್ರಮಾಣದಲ್ಲಿ ಏರಲಿಲ್ಲ. ಈಗ ಕ್ಯೋಟೊಗೆ ಹೋಗಿಬರುವವರು ಪಾಸು ಕೊಂಡರೆ ಸುಮಾರು 22,000 ಯೆನ್ ಹೆಚ್ಚು ತೆತ್ತಂತೆ. ಇನ್ನೂ ದೂರದ ಹಿರೋಶಿಮಾಕ್ಕೆ ಒಂದು ಕಡೆಗೆ ಸುಮಾರು 19,000 ಯೆನ್, ಹೋಗಿಬಂದರೆ 38,000. ಅದಕ್ಕೂ ಪಾಸಿನ ಬೆಲೆ ಗಿಟ್ಟದು. ಅಷ್ಟೇ ಅಲ್ಲ, ಅತಿ ವೇಗದ ‘ನೊಜೊಮಿ’ ರೈಲು ಹತ್ತಬೇಕಾದರೆ ಪಾಸು ಇದ್ದವರೂ ಬೇರೆ ಹಣ ಕಟ್ಟಬೇಕು. ಆದರೆ ಹಳೆಯ ಸಲಹೆ ಇನ್ನೂ ಜನರ ಬಾಯಲ್ಲಿ ಓಡಾಡುತ್ತಿದೆ. ಬೆಲೆ ಒಂದೇ ದಿನದಲ್ಲಿ ಬದಲಾಗುತ್ತದೆ, ಸಲಹೆ ಬದಲಾಗಲು ವರ್ಷಗಳು ಬೇಕು. ಮೂರು ವರ್ಷದ ಹಿಂದೆ ಹೋಗಿಬಂದ ನೆಂಟರ ಮಾತನ್ನು ಕೇಳಿ, ಆದರೆ ಲೆಕ್ಕವನ್ನು ಇವತ್ತಿನ ದರದಲ್ಲಿ ಮಾಡಿ.

ಜರ್ಮನಿ: ಮೂರು ಪಾಸು, ಮೂರು ಲೆಕ್ಕ

ನಮ್ಮ ಮಕ್ಕಳು ಜರ್ಮನಿಯನ್ನು ಆರಿಸಿಕೊಳ್ಳುವುದು ಹೆಚ್ಚಾಗಿರುವುದರಿಂದ ಅಲ್ಲಿನ ವ್ಯವಸ್ಥೆಯನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲನೆಯದು, ಕಂಪ್ಲಿಯ ಹುಡುಗನಿಗೆ ಗೊತ್ತಿಲ್ಲದೆ ಕೈಯಲ್ಲೇ ಇದ್ದ ಸೆಮಿಸ್ಟರ್ ಟಿಕೆಟ್. ಅನೇಕ ವಿಶ್ವವಿದ್ಯಾಲಯಗಳಲ್ಲಿ ಪ್ರತಿ ಸೆಮಿಸ್ಟರಿಗೆ ಕಟ್ಟುವ ವಂತಿಗೆಯಲ್ಲೇ ಇದರ ಹಣ ಸೇರಿರುತ್ತದೆ. ಬೇಡವೆಂದರೂ ಕಟ್ಟಿಯೇ ಆಗಿದೆ! 2024ರ ಬೇಸಿಗೆ ಸೆಮಿಸ್ಟರಿನಿಂದ ಇಡೀ ಜರ್ಮನಿಗೆ ಅನ್ವಯಿಸುವ ಸೆಮಿಸ್ಟರ್ ಟಿಕೆಟ್ ಬಂತು. ಸಾರ್ವಜನಿಕರಿಗೆ ಇರುವ ಬೆಲೆಯ ಶೇಕಡ 60ಕ್ಕೆ ಇದನ್ನು ನಿಗದಿ ಮಾಡಿದರು. 2025ರಲ್ಲಿ ಇದು ತಿಂಗಳಿಗೆ 34.80 ಯೂರೋ, ಆರು ತಿಂಗಳಿಗೆ 208.80 ಯೂರೋ. ಆದರೆ ಎಲ್ಲ ವಿಶ್ವವಿದ್ಯಾಲಯಗಳೂ ಈ ಒಪ್ಪಂದಕ್ಕೆ ಸೇರಿಲ್ಲ. ಹಾಗಾಗಿ ಪ್ರವೇಶ ಪತ್ರ ಕೈಸೇರಿದ ಕೂಡಲೇ ‘ವಂತಿಗೆಯಲ್ಲಿ ಪ್ರಯಾಣದ ಟಿಕೆಟ್ ಸೇರಿದೆಯೇ? ಎಲ್ಲಿಯವರೆಗೆ ನಡೆಯುತ್ತದೆ?’ ಎಂದು ಅಲ್ಲಿನ ವಿದ್ಯಾರ್ಥಿ ಕಚೇರಿಗೆ ಬರೆದು ಕೇಳಬೇಕು.

ಎರಡನೆಯದು, ಸಾರ್ವಜನಿಕರ ಡಾಯ್ಚ್‌ಲಾಂಡ್ ಟಿಕೆಟ್. 2023ರ ಮೇ 1ರಂದು ತಿಂಗಳಿಗೆ 49 ಯೂರೋ ಬೆಲೆಗೆ ಶುರುವಾಯಿತು. 2025ರ ಜನವರಿಯಲ್ಲಿ 58, 2026ರ ಜನವರಿಯಲ್ಲಿ 63 ಯೂರೋ ಆಯಿತು. ಇದೊಂದಿದ್ದರೆ ದೇಶದ ಯಾವ ಊರಿನ ಸಿಟಿ ಬಸ್ಸು, ಟ್ರಾಮು, ಸುರಂಗ ರೈಲು, ಪ್ರಾದೇಶಿಕ ರೈಲನ್ನಾದರೂ ಹತ್ತಬಹುದು. ಆದರೆ ದೂರದ ಊರುಗಳ ನಡುವೆ ಓಡುವ ವೇಗದ ಐ.ಸಿ.ಇ., ಐ.ಸಿ. ರೈಲುಗಳಿಗೆ ಇದು ನಡೆಯದು. ನಮ್ಮಲ್ಲಿ ಪ್ಯಾಸೆಂಜರ್ ಪಾಸು ಇಟ್ಟುಕೊಂಡು ವಂದೇ ಭಾರತ್ ಹತ್ತಿದಂತೆಯೇ. ಸಿಕ್ಕಿಬಿದ್ದರೆ ಟಿಕೆಟ್ ಇಲ್ಲದ ಪ್ರಯಾಣವೆಂದೇ ಲೆಕ್ಕ. ಅದಕ್ಕೆ ಸಾಮಾನ್ಯ ದಂಡ 60 ಯೂರೋ. ಇನ್ನೊಂದು ಎಚ್ಚರಿಕೆ: ಇದು ಚಂದಾ ಪದ್ಧತಿಯದು. ಒಂದು ತಿಂಗಳಿಗೆಂದು ಕೊಂಡರೂ ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ.

ಮೂರನೆಯದು ಬಾನ್‌ಕಾರ್ಡ್. ಜರ್ಮನ್ ರೈಲ್ವೆ 1992ರಲ್ಲಿ ತಂದ ಈ ರಿಯಾಯಿತಿ ಕಾರ್ಡಿನಲ್ಲಿ 25, 50, 100 ಎಂಬ ಬಗೆಗಳಿವೆ. ದೂರದ ಊರುಗಳಿಗೆ ಆಗಾಗ ಹೋಗುವವರಿಗೆ ಇದು. 27 ವರ್ಷದೊಳಗಿನವರಿಗೆ ಕಡಿಮೆ ಬೆಲೆ. ಆದರೆ ‘50’ ಎಂದಿದ್ದ ಮಾತ್ರಕ್ಕೆ ಎಲ್ಲ ಟಿಕೆಟ್ಟಿಗೂ ಅರ್ಧ ಬೆಲೆ ಎಂದು ತಿಳಿಯಬಾರದು. ಯಾವಾಗ ಬೇಕಾದರೂ ಹೋಗಬಹುದಾದ ಪೂರ್ಣ ದರದ ಟಿಕೆಟ್ಟಿಗೆ ಅರ್ಧ. ಮುಂಗಡವಾಗಿ ಕೊಳ್ಳುವ ಅಗ್ಗದ ಟಿಕೆಟ್ಟಿಗೆ ಕಾಲು ಭಾಗ ಮಾತ್ರ. ಅಗ್ಗದ ಟಿಕೆಟ್ಟನ್ನೇ ಹುಡುಕುವ ವಿದ್ಯಾರ್ಥಿಗೆ ಈ ಕಾಲು ಭಾಗವೇ ಲೆಕ್ಕ. ಸಮಬಿಂದು ಎರಡರಷ್ಟು ದೂರ ಸರಿಯಿತು! ಈ ಕಾರ್ಡು ಕೂಡ ಸಕಾಲದಲ್ಲಿ ರದ್ದು ಮಾಡದಿದ್ದರೆ ತಾನಾಗಿ ನವೀಕರಣಗೊಳ್ಳುತ್ತದೆ.

ಇಲ್ಲಿ ನಮ್ಮ ಪೋಷಕರು ತಿಳಿಯಬೇಕಾದ ಮುಖ್ಯ ಸಂಗತಿಯೊಂದಿದೆ. ನಮ್ಮ ಹಂಪಿ ಎಕ್ಸ್‌ಪ್ರೆಸ್ಸಿನಂಥ ರೈಲಿಗೆ ಎರಡು ತಿಂಗಳ ಮೊದಲು ರಿಸರ್ವೇಶನ್ ಮಾಡಿಸಿದರೂ, ವಾರದ ಮೊದಲು ಮಾಡಿಸಿದರೂ ದರ ಅದೇ. ತತ್ಕಾಲ್ ಮತ್ತು ಕೆಲವು ದುಬಾರಿ ರೈಲುಗಳ ಮಾತು ಬೇರೆ. ಯೂರೋಪಿನ ವೇಗದ ರೈಲುಗಳಲ್ಲಿ ಹಾಗಲ್ಲ. ವಿಮಾನದಂತೆ ಬೇಗ ಕೊಂಡವರಿಗೆ ಅಗ್ಗ, ತಡವಾದಷ್ಟೂ ದುಬಾರಿ. ಪಾಸನ್ನು ಹೋಲಿಸಬೇಕಾದದ್ದು ಕೊನೆಯ ದಿನದ ದುಬಾರಿ ದರದೊಂದಿಗಲ್ಲ, ನೀವು ನಿಜವಾಗಿ ಕೊಳ್ಳಬಹುದಾಗಿದ್ದ ಮುಂಗಡ ದರದೊಂದಿಗೆ. ಪಾಸಿನ ಲಾಭವನ್ನು ಹೊಗಳುವ ಕೋಷ್ಟಕಗಳನ್ನು ನೋಡಿದಾಗ ಎಡಗಡೆಯ ಅಂಕಣದಲ್ಲಿ ಯಾವ ದರ ಹಾಕಿದ್ದಾರೆ ಎಂದು ಮೊದಲು ಗಮನಿಸಿ.

ಇಂಗ್ಲೆಂಡಿನ ಕಾರ್ಡು

ಬ್ರಿಟನ್ನಿನಲ್ಲಿ 16ರಿಂದ 25 ವಯಸ್ಸಿನವರಿಗೆ ರೈಲ್‌ಕಾರ್ಡ್ ಇದೆ. ವಯಸ್ಸು ಮೀರಿದ್ದರೂ ಪೂರ್ಣಾವಧಿ ವಿದ್ಯಾರ್ಥಿಗಳು ಕೊಳ್ಳಬಹುದು. 2025ರ ಮಾರ್ಚ್‌ನಲ್ಲಿ ಬೆಲೆ 30ರಿಂದ 35 ಪೌಂಡಿಗೆ ಏರಿತು. ಒಂದು ವರ್ಷದವರೆಗೆ ಟಿಕೆಟ್ಟಿನ ಮೂರನೇ ಒಂದು ಭಾಗ ರಿಯಾಯಿತಿ. ನಮ್ಮ ಸೂತ್ರ ಹಾಕಿ: 35ರ ಮೂರರಷ್ಟು, ಅಂದರೆ ವರ್ಷಕ್ಕೆ 105 ಪೌಂಡಿನ ಟಿಕೆಟ್ ಕೊಳ್ಳುವವರಿಗೆ ಅಸಲು ಬಂತು. ದೂರದ ಊರಿನ ಸ್ನೇಹಿತರನ್ನೋ ಬಂಧುಗಳನ್ನೋ ವರ್ಷಕ್ಕೆ ನಾಲ್ಕಾರು ಸಲ ನೋಡಲು ಹೋಗುವವರಿಗೆ ಇದು ಒಳ್ಳೆಯ ವ್ಯಾಪಾರ.

ಆದರೆ ಷರತ್ತು ಓದಬೇಕು. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 4.30ರಿಂದ 10 ಗಂಟೆಯ ನಡುವೆ, ಜುಲೈ ಮತ್ತು ಆಗಸ್ಟ್ ಬಿಟ್ಟು, 12 ಪೌಂಡಿನ ಕನಿಷ್ಠ ದರವೊಂದು ಅನ್ವಯಿಸುತ್ತದೆ. ದಿನವೂ ಬೆಳಿಗ್ಗೆ 9 ಪೌಂಡಿನ ಟಿಕೆಟ್ ಪಡೆದು ಕಾಲೇಜಿಗೆ ಹೋಗುವ ವಿದ್ಯಾರ್ಥಿಗೆ ಆ ಪ್ರಯಾಣದಲ್ಲಿ ಕಾರ್ಡಿನಿಂದ ಒಂದು ಪೆನ್ನಿಯೂ ಉಳಿಯದು. ರಿಯಾಯಿತಿ ಎಷ್ಟು ಎಂಬುದರಷ್ಟೇ ಮುಖ್ಯ, ಅದು ಎಷ್ಟು ಗಂಟೆಗೆ ಸಿಗುತ್ತದೆ ಎಂಬುದು.

ಲಂಡನ್ ನಗರದೊಳಗಿನ ಸಾರಿಗೆಯಲ್ಲಿ ಇನ್ನೂ ಸೊಗಸಾದ ಏರ್ಪಾಡಿದೆ. ಪ್ರತಿ ಸಲ ಅದೇ ಬ್ಯಾಂಕ್ ಕಾರ್ಡನ್ನು ಗೇಟಿಗೆ ತಾಗಿಸುತ್ತಾ ಹೋದರೆ ಸಾಕು. ದಿನಕ್ಕೊಂದು, ಸೋಮವಾರದಿಂದ ಭಾನುವಾರದ ವಾರಕ್ಕೊಂದು ಮಿತಿ ಇದೆ. ಖರ್ಚು ಆ ಮಿತಿ ಮುಟ್ಟಿದ ಮೇಲೆ ಯಂತ್ರ ಹಣ ಕಡಿಯುವುದನ್ನು ನಿಲ್ಲಿಸುತ್ತದೆ. ಟಿಕೆಟ್ಟೋ ಪಾಸೋ ಎಂದು ಮೊದಲೇ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಪ್ರಯಾಣ ಮುಗಿದ ಮೇಲೆ ಯಂತ್ರವೇ ಲೆಕ್ಕ ಮಾಡುತ್ತದೆ. ಇಂಥ ಮಿತಿ ಇರುವ ಊರಿನಲ್ಲಿ ಆತುರದಿಂದ ಪಾಸು ಕೊಳ್ಳಬೇಕಾಗಿಲ್ಲ.

ಅಪ್ಪ–ಅಮ್ಮ ನೋಡಲು ಹೋದಾಗ

ಮಗಳ ಘಟಿಕೋತ್ಸವಕ್ಕೆಂದು ತಂದೆತಾಯಿ ಹೋಗುವುದುಂಟು. ಹೋದ ಮೇಲೆ ಹತ್ತು ದಿನ ನಾಲ್ಕು ದೇಶ ನೋಡಿಬರೋಣ ಎನ್ನಿಸುವುದು ಸಹಜ. ಆಗ ಕೇಳಿಬರುವ ಹೆಸರು ಯೂರೇಲ್. 1959ರಲ್ಲಿ ಶುರುವಾದ ಈ ಪಾಸು ಯೂರೋಪಿನ ಹೊರಗೆ ವಾಸಿಸುವವರಿಗೆ. ಯೂರೋಪಿನಲ್ಲೇ ನೆಲೆಸಿರುವವರಿಗೆ 1972ರಲ್ಲಿ ಶುರುವಾದ ಇಂಟರ್‌ರೇಲ್ ಬೇರೆ ಇದೆ. ಇಲ್ಲಿ ಪೌರತ್ವವಲ್ಲ, ವಾಸಸ್ಥಳ ಮುಖ್ಯ. ಹೊಸಪೇಟೆಯಿಂದ ಹೋದ ಅಪ್ಪ ಅಮ್ಮನಿಗೆ ಯೂರೇಲ್, ಅಲ್ಲೇ ನೆಲೆಸಿ ಓದುತ್ತಿರುವ ಮಗಳಿಗೆ ಇಂಟರ್‌ರೇಲ್! ಮಗಳು ತಾನಿರುವ ದೇಶದೊಳಗೆ ಆ ಪಾಸನ್ನು ಹೊರಡುವ ಒಂದು, ಹಿಂದಿರುಗುವ ಒಂದು ಪ್ರಯಾಣಕ್ಕೆ ಮಾತ್ರ ಬಳಸಬಹುದು. 27 ವರ್ಷದವರೆಗಿನವರಿಗೂ 60 ದಾಟಿದವರಿಗೂ ಬೆಲೆಯಲ್ಲಿ ರಿಯಾಯಿತಿ ಇದೆ.

ಪಾಸು ಕೊಂಡರೆ ಎಲ್ಲ ಮುಗಿಯಿತೇ? ಇಲ್ಲ. ಫ್ರಾನ್ಸ್, ಇಟಲಿಯ ವೇಗದ ರೈಲುಗಳಲ್ಲೂ ಲಂಡನ್ನಿನಿಂದ ಸಮುದ್ರದ ಕೆಳಗೆ ಸಾಗುವ ಯೂರೋಸ್ಟಾರ್‌ನಲ್ಲೂ ಪಾಸು ಇದ್ದವರು ಕೂಡ ಆಸನ ಕಾದಿರಿಸಲೇಬೇಕು. ಅದಕ್ಕೆ ಬೇರೆ ಹಣ. ಪಾಸಿನವರಿಗೆಂದು ಇಟ್ಟ ಆಸನಗಳೂ ಮಿತ. ಪಾಸಿನ ಬೆಲೆಗೆ ಈ ಆಸನದ ಹಣವನ್ನು ಕೂಡಿಸಿದ ಮೇಲೆಯೇ ಬಿಡಿ ಟಿಕೆಟ್ಟಿನೊಂದಿಗೆ ತೂಗಿ ನೋಡಬೇಕು. ಎರಡು ತಿಂಗಳು ಮೊದಲೇ ತಾರೀಖು ಗಟ್ಟಿಯಾಗಿದ್ದು, ನಾಲ್ಕೈದು ಪ್ರಯಾಣ ಮಾತ್ರ ಇದ್ದರೆ ಮುಂಗಡ ಟಿಕೆಟ್ಟುಗಳೇ ಗೆಲ್ಲುವುದು ಸಾಮಾನ್ಯ. ಇವತ್ತು ಇಲ್ಲಿ, ನಾಳೆ ಮನಸ್ಸು ಬಂದಲ್ಲಿ ಎನ್ನುವ ಸುತ್ತಾಟಕ್ಕೆ ಪಾಸು ಒಳ್ಳೆಯದು.

ನಾಳೆ ಗೊತ್ತಿಲ್ಲದವರ ಲೆಕ್ಕ

ಇದುವರೆಗಿನ ಲೆಕ್ಕವೆಲ್ಲ ಎಷ್ಟು ಸಲ ಹೋಗುತ್ತೇವೆಂದು ಗೊತ್ತಿದ್ದವರಿಗೆ. ಹೊಸ ದೇಶಕ್ಕೆ ಹೋದ ವಿದ್ಯಾರ್ಥಿಗೆ ಅದು ಹೇಗೆ ಗೊತ್ತಾದೀತು? ಕೆಲಸ ಯಾವ ಊರಿನಲ್ಲಿ ಸಿಗುತ್ತದೋ, ಸ್ನೇಹಿತರು ಎಲ್ಲಿರುತ್ತಾರೋ ಯಾರು ಬಲ್ಲರು? ಇದಕ್ಕೂ ಗಣಿತದಲ್ಲಿ ಉತ್ತರ ಉಂಟು.

ನಮ್ಮಲ್ಲಿನ ಬಾಡಿಗೆ ಸೈಕಲ್ಲಿನಿಂದ ಶುರು ಮಾಡೋಣ. ದಿನಕ್ಕೆ 100 ರೂಪಾಯಿ ಬಾಡಿಗೆ, ಕೊಂಡರೆ 6,000 ರೂಪಾಯಿ ಎಂದಿಟ್ಟುಕೊಳ್ಳಿ. ಎಷ್ಟು ದಿನ ಬೇಕಾಗುತ್ತದೋ ಗೊತ್ತಿಲ್ಲ. ಮೊದಲ ದಿನವೇ ಕೊಂಡು, ಎರಡನೇ ದಿನ ಬೇಡವಾದರೆ 6,000 ಹೋಯಿತು. ಕೊಳ್ಳದೇ ವರ್ಷಗಟ್ಟಲೆ ಬಾಡಿಗೆ ಕೊಟ್ಟರೆ ಅದಕ್ಕೆ ಕೊನೆಯೇ ಇಲ್ಲ. ಸುರಕ್ಷಿತ ದಾರಿ ಇದು: ಕೊಟ್ಟ ಬಾಡಿಗೆಯ ಮೊತ್ತ ಸೈಕಲ್ಲಿನ ಬೆಲೆಗೆ ಸಮವಾಗುವವರೆಗೆ ಬಾಡಿಗೆಗೆ ತನ್ನಿ, ಆಮೇಲೆ ಕೊಂಡುಬಿಡಿ. ಮರುದಿನವೇ ಸೈಕಲ್ ಬೇಡವಾಯಿತೆಂದರೂ ಒಟ್ಟು ಖರ್ಚು 12,000. ಭವಿಷ್ಯ ಬಲ್ಲ ಜ್ಯೋತಿಷಿಯೊಬ್ಬ ಮೊದಲ ದಿನವೇ ಕೊಂಡಿದ್ದರೆ ಅವನ ಖರ್ಚು 6,000. ಅಂದರೆ ಏನೇ ಆದರೂ ನಿಮ್ಮ ಖರ್ಚು ಅವನದರ ಎರಡು ಪಟ್ಟನ್ನು ಮೀರದು. ನಾಳೆಯ ಬಗ್ಗೆ ಏನೂ ತಿಳಿಯದವನಿಗೆ ಇದು ಸಣ್ಣ ಭರವಸೆಯಲ್ಲ.

ಹಿಮದ ನಾಡಿನವರು ಜಾರುಹಲಗೆಯನ್ನು ಬಾಡಿಗೆಗೆ ತರುವ ಉದಾಹರಣೆಯಿಂದ ಇದನ್ನು ಕಲಿಸುತ್ತಾರೆ. ರುಡಾಲ್ಫ್ ಫ್ಲೈಶರ್ ಎಂಬ ಗಣಕ ವಿಜ್ಞಾನಿ ಇದೇ ಲೆಕ್ಕವನ್ನು ರೈಲಿಗೆ ಅನ್ವಯಿಸಿ 2001ರಲ್ಲಿ ‘ಬಾನ್‌ಕಾರ್ಡ್ ಸಮಸ್ಯೆ’ಯ ಬಗ್ಗೆ ಪ್ರಬಂಧ ಪ್ರಕಟಿಸಿದರು. ಆಗ ಕಾರ್ಡಿನ ಬೆಲೆ 240 ಮಾರ್ಕ್, ರಿಯಾಯಿತಿ ಅರ್ಧ, ಅವಧಿ ಒಂದು ವರ್ಷ. ಜಾಣತನದಿಂದ ನಿರ್ಧರಿಸಿದರೆ ನಾಳೆ ತಿಳಿಯದಿದ್ದರೂ ಖರ್ಚು ಜ್ಯೋತಿಷಿಯ ಖರ್ಚಿನ ಒಂದೂವರೆ ಪಟ್ಟನ್ನು ಮೀರದು ಎಂದು ಅವರು ತೋರಿಸಿದರು. ಸೋಜಿಗವೆಂದರೆ, ಈ ಪ್ರಮಾಣ ನಿಂತಿರುವುದು ರಿಯಾಯಿತಿಯ ಭಾಗದ ಮೇಲೆ ಮಾತ್ರ. ಕಾರ್ಡಿನ ಬೆಲೆಯಾಗಲಿ ಅವಧಿಯಾಗಲಿ ಅದನ್ನು ಬದಲಿಸದು.

ವಿದ್ಯಾರ್ಥಿಗೆ ಇದರ ಸಾರ ಇಷ್ಟೇ: ಮೊದಲ ತಿಂಗಳು ಬಿಡಿ ಟಿಕೆಟ್ ಕೊಳ್ಳಿ, ಖರ್ಚನ್ನು ಬರೆದಿಡಿ. ಅದು ಸಮಬಿಂದುವಿನ ಹತ್ತಿರ ಬರುತ್ತಿದೆ, ಮುಂದೆಯೂ ಹಾಗೇ ಹೋಗಬೇಕಾಗುತ್ತದೆ ಎಂದು ಕಂಡಾಗ ಪಾಸು ಮಾಡಿಸಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಆತುರ ಬೇಡ.

ಹಂಪಿಗೆ ಬಂದವರು ಹೇಳಿದ್ದು

ಲೆಕ್ಕಕ್ಕೆ ಸಿಗದ ಮಾತೂ ಒಂದಿದೆ. ಭಾರತೀಯ ರೈಲ್ವೆ ಕೂಡ ವಿದೇಶಿಯರಿಗೂ ಹೊರದೇಶದಲ್ಲಿ ನೆಲೆಸಿದ ಭಾರತೀಯರಿಗೂ ‘ಇಂಡ್‌ರೈಲ್ ಪಾಸ್’ ಮಾರುತ್ತಿತ್ತು. ಅರ್ಧ ದಿನದಿಂದ 90 ದಿನಗಳವರೆಗಿನ ಪಾಸುಗಳಿದ್ದವು, ಬೆಲೆ ಡಾಲರಿನಲ್ಲಿ. ರಿಸರ್ವೇಶನ್ ಶುಲ್ಕವಾಗಲಿ ಸೂಪರ್‌ಫಾಸ್ಟ್ ಶುಲ್ಕವಾಗಲಿ ಇರಲಿಲ್ಲ. 2017ರಲ್ಲಿ ಅದನ್ನು ನಿಲ್ಲಿಸಿದರು. ಅದಕ್ಕೂ ಮೊದಲು ಹೊಸಪೇಟೆಯಲ್ಲಿ ಇಳಿದು ಹಂಪಿಗೆ ಬರುತ್ತಿದ್ದ ಪ್ರವಾಸಿಗರಲ್ಲಿ ಈ ಪಾಸಿನವರೂ ಇದ್ದರು. ಕಮಲಾಪುರದ ಚಹಾ ಅಂಗಡಿಯಲ್ಲಿ ಅಂಥ ಕೆಲವರೊಂದಿಗೆ ನಾನು ಮಾತನಾಡಿದ್ದುಂಟು. ವಿಠಲ ದೇವಾಲಯ, ಕಮಲ ಮಹಲ್, ಆನೆ ಲಾಯ ಇವನ್ನೆಲ್ಲ ಒಂದೇ ದಿನದಲ್ಲಿ ನೋಡಿ ರಾತ್ರಿಯ ರೈಲಿಗೆ ಓಡುವ ತರಾತುರಿ ಅವರದು. ‘ಪಾಸಿನ ದಿನಗಳು ಮುಗಿಯುತ್ತಾ ಬಂದವು’ ಎನ್ನುತ್ತಿದ್ದರು. ಬಿಡಿ ಟಿಕೆಟ್ಟಿನಲ್ಲಿ ಬಂದವರು ತುಂಗಭದ್ರೆಯ ದಂಡೆಯಲ್ಲಿ ವಾರ ಕಳೆಯುತ್ತಿದ್ದರು. ಪಾಸು ಕೊಂಡವರು ರೈಲಿನಲ್ಲಿ ಹೆಚ್ಚು ಸುತ್ತಿದರು, ಊರನ್ನು ಕಡಿಮೆ ನೋಡಿದರು.

ವಿದ್ಯಾರ್ಥಿಗೂ ಇದೇ ಅಪಾಯ. ‘ಹೇಗೂ ಪಾಸಿದೆಯಲ್ಲ’ ಎಂದು ಪ್ರತಿ ಶನಿವಾರ ಹೊರಟರೆ ರೈಲಿಗೆ ಹಣ ಆಗದಿರಬಹುದು, ಆದರೆ ಊಟ, ವಸತಿ ಉಚಿತವಲ್ಲ; ಓದಿನ ಸಮಯವಂತೂ ಅಲ್ಲವೇ ಅಲ್ಲ. ಕೊಟ್ಟ ಹಣ ಹೋಗಿಯಾಯಿತು, ಪ್ರಯಾಣ ಮಾಡಿದ ಮಾತ್ರಕ್ಕೆ ಅದು ಮರಳಿ ಬರುವುದಿಲ್ಲ. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಮುಂಗಡದ ಅಗ್ಗದ ಟಿಕೆಟ್ ಗೊತ್ತುಪಡಿಸಿದ ರೈಲಿಗೆ ಕಟ್ಟಿಹಾಕುತ್ತದೆ. ನಿಮ್ಮ ತಡದಿಂದ ರೈಲು ತಪ್ಪಿದರೆ ಟಿಕೆಟ್ಟೂ ಹೋಯಿತು. ಪಾಸಿದ್ದರೆ ಮುಂದಿನ ರೈಲು. ಪರೀಕ್ಷೆ, ಸಂದರ್ಶನಗಳ ದಿನಾಂಕ ಅಲುಗಾಡುವ ಕಾಲದಲ್ಲಿ ಈ ಸ್ವಾತಂತ್ರ್ಯಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ತಪ್ಪಲ್ಲ. ಆದರೆ ಎಷ್ಟು ಹೆಚ್ಚು ಕೊಡುತ್ತಿದ್ದೇವೆಂಬುದು ಗೊತ್ತಿರಬೇಕು.

ಹೊರಡುವ ಮೊದಲು ಒಂದು ಮನೆಪಾಠ

ಒಂದು ಹಾಳೆಯಲ್ಲಿ ಐದು ಕಲಮು ಹಾಕಿ. ಮೊದಲನೆಯದರಲ್ಲಿ ಮಾಡಲೇಬೇಕಾದ ಪ್ರಯಾಣಗಳನ್ನು ಬರೆಯಿರಿ. ಮಾಡಬಹುದಾದವನ್ನು ಬೇರೆ ಇಡಿ. ಎರಡನೆಯದರಲ್ಲಿ ಪ್ರತಿಯೊಂದಕ್ಕೂ ಇಂದಿನ ಬಿಡಿ ದರ, ಸಾಧ್ಯವಿದ್ದರೆ ಮುಂಗಡ ದರ. ಮೂರನೆಯದರಲ್ಲಿ ಪಾಸಿನ ಬೆಲೆ, ಆಸನದ ಶುಲ್ಕ ಸೇರಿಸಿ. ನಾಲ್ಕನೆಯದರಲ್ಲಿ ಷರತ್ತುಗಳು: ಯಾವ ರೈಲಿಗೆ ಇಲ್ಲ, ಯಾವ ಹೊತ್ತಿಗೆ ಇಲ್ಲ, ಯಾವ ತಾರೀಖಿನೊಳಗೆ ರದ್ದು ಮಾಡಬೇಕು. ಐದನೆಯದರಲ್ಲಿ, ಈಗಾಗಲೇ ಕಟ್ಟಿರುವ ಶುಲ್ಕದಲ್ಲಿ ಏನೇನು ಸೇರಿದೆ.

ಈ ಹಾಳೆಯನ್ನು ತುಂಬಬೇಕಾದವರು ಮಕ್ಕಳು. ತಂದೆತಾಯಂದಿರು ಫೋನಿನಲ್ಲಿ ‘ಪಾಸು ಮಾಡಿಸು’ ಎಂದೋ ‘ದುಂದು ಮಾಡಬೇಡ’ ಎಂದೋ ಅಪ್ಪಣೆ ಕೊಡುವ ಬದಲು, ‘ಲೆಕ್ಕ ಹಾಕಿ ತೋರಿಸಪ್ಪ’, ‘ತೋರಿಸಮ್ಮ’ ಎಂದು ಕೇಳಲಿ. ದೂರದ ಊರಿನಲ್ಲಿ ಒಬ್ಬರೇ ಇರುವ ಮಕ್ಕಳಿಗೆ ನಾಳೆ ಬಾಡಿಗೆ ಮನೆ, ವಿಮೆ, ಫೋನು ಎಲ್ಲದರಲ್ಲೂ ಇದೇ ಪ್ರಶ್ನೆ ಎದುರಾಗುತ್ತದೆ. ಕಂಪ್ಲಿಯ ಹುಡುಗ ಈಗ ತನ್ನ ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಬರುವ ಕನ್ನಡದ ಮಕ್ಕಳಿಗೆ ಮೊದಲು ಹೇಳುವ ಮಾತು ಒಂದೇ ಅಂತೆ: ‘ವಂತಿಗೆಯ ರಸೀದಿ ತೆಗೆದು ಓದಿ, ಆಮೇಲೆ ಟಿಕೆಟ್ ಯಂತ್ರದ ಹತ್ತಿರ ಹೋಗಿ.’